ಗೈಡ್ ಮನೆಗೆ ಹೋಗಿಬಂದ ಮೇಲೆ

ಅಮರಗೋಳ, ಹುಬ್ಬಳ್ಳಿ
೧೧ ಫೆಬ್ರುವರಿ ೨೦೨೬, ಬುಧವಾರ

ಪ್ರೀತಿಯ ಉಮಾ,

ಅಪ್ಪನ ಆಶೀರ್ವಾದಗಳು. ಹೇಗಿದ್ದೀಯವ್ವಾ? ಗಂಟಲು ಕಟ್ಟಿದೆ, ಮೂರು ದಿನದಿಂದ ಕೆಮ್ಮು ಎಂದು ನಿನ್ನ ಅವ್ವ ಹೇಳಿದಳು. ಪುಣೆಯ ಚಳಿ ಇನ್ನೂ ಬಿಟ್ಟಿಲ್ಲವೆಂದು ಕಾಣುತ್ತದೆ. ಲ್ಯಾಬಿನಲ್ಲಿ ಆ ಆಸಿಡ್ ಹೊಗೆಯ ಮುಂದೆ ನಿಲ್ಲುವಾಗ ಮೂಗಿಗೆ ಬಟ್ಟೆಯನ್ನಾದರೂ ಕಟ್ಟಿಕೋ. ಇದನ್ನು ಓದಿ ನೀನು ನಗುತ್ತೀ ಎಂದು ಗೊತ್ತು. ಹೊಗೆ ಎಳೆದುಕೊಳ್ಳುವ ಪೆಟ್ಟಿಗೆ ಅಲ್ಲಿರುತ್ತದೆ, ಬಟ್ಟೆಯಿಂದ ಏನೂ ಆಗುವುದಿಲ್ಲ ಎಂದು ಹೋದ ಸಲ ಬಂದಾಗಲೇ ನನಗೆ ತಿಳಿಸಿ ಹೇಳಿದ್ದೆ. ಆದರೂ ಕಟ್ಟಿಕೋ. ಮಲಗುವ ಮುಂದೆ ಬಿಸಿನೀರು ಕುಡಿ, ಮಧ್ಯಾಹ್ನದ ಊಟ ತಪ್ಪಿಸಬೇಡ. ಅವ್ವನ ಮೊಣಕಾಲು ನೋವು ಈಗ ಕಡಿಮೆ. ಡಾಕ್ಟರು ಮೆಟ್ಟಿಲು ಹತ್ತಬೇಡಿ ಎಂದಿದ್ದಾರೆ, ಆದರೆ ಆಕೆ ಯಾರ ಮಾತು ಕೇಳಿದ್ದಾಳೆ? ದಿನಕ್ಕೆ ನಾಲ್ಕು ಸಲ ಮಹಡಿ ಹತ್ತಿ, ನಿನ್ನ ಕೋಣೆ ಗುಡಿಸಿ ಬರುತ್ತಾಳೆ.

ಈ ಕಾಲದಲ್ಲಿ ಅಪ್ಪ ಕಾಗದ ಬರೆದನೆಂದರೆ ನಿನಗೆ ಗಾಬರಿಯಾಗುತ್ತದೆ. ಗಾಬರಿಯಾಗಬೇಡ, ಮನೆಯಲ್ಲಿ ಎಲ್ಲರೂ ಆರಾಮ ಇದ್ದೇವೆ. ಹೆದರಿ ಕೂತವನು ನಾನೊಬ್ಬನೇ. ನಿನ್ನೆ ಮೂರು ಸಲ ಫೋನ್ ಮಾಡಿದೆನಲ್ಲ, ಮೂರು ಸಲವೂ ಒಂದೇ ವಿಷಯ ಹೇಳಲಿಕ್ಕೆ ಮಾಡಿದ್ದು. ಮೊದಲ ಸಲ ಊಟದ ಮಾತಾಡಿ ಇಟ್ಟೆ. ಎರಡನೆಯ ಸಲ ನಿಮ್ಮ ಕಡೆ ಹವಾ ಹೇಗಿದೆ ಎಂದೆ. ಮೂರನೆಯ ಸಲ ನೀನೇ ಕೇಳಿಬಿಟ್ಟೆ: "ಅಪ್ಪಾ, ಏನಾಗೇತಿ ಹೇಳ್ರಿ." "ಏನಿಲ್ಲವ್ವಾ, ಸುಮ್ನ" ಎಂದು ಫೋನ್ ಇಟ್ಟು, ಅಂಗಡಿಯ ಹಿಂದೆ ಹೋಗಿ ಮುಖ ತೊಳೆದುಕೊಂಡೆ. ಬಾಯಿಂದ ಬಾರದ್ದು ಕೈಯಿಂದಲಾದರೂ ಬಂದೀತೆಂದು ಈಗ ಅಂಗಡಿಯ ಗಾದಿಯ ಮೇಲೆ ಕೂತು ಬರೆಯುತ್ತಿದ್ದೇನೆ. ನಮ್ಮ ಡ್ರೈವರ್ ಇಕ್ಬಾಲ ನಾಲ್ಕು ಗಂಟೆಗೆ ತಾರಿಹಾಳದ ಕಾರ್ಖಾನೆಯ ಮಾಲು ಹೇರಿಕೊಂಡು ಪುಣೆಗೆ ಹೊರಡುತ್ತಾನೆ. ನಾಳೆ ಬೆಳಿಗ್ಗೆ ನಿನ್ನ ಕೈಗೇ ಕೊಡು ಎಂದು ಹೇಳಿದ್ದೇನೆ. ಜೊತೆಗೆ ಅವ್ವ ಕಟ್ಟಿಕೊಟ್ಟ ಶೇಂಗಾ ಚಟ್ನಿ, ಕಡಕ್ ರೊಟ್ಟಿ ಇವೆ. ರೊಟ್ಟಿ ಮುರಿದಿದ್ದರೆ ಅವನನ್ನು ಬೈಯಬೇಡ, ರಸ್ತೆ ಹಾಗಿದೆ.

ಎಲ್ಲಿಂದ ಶುರು ಮಾಡಲಿ? ದೀಪಾವಳಿಗೆ ಬಂದಾಗ ನೀನು ಹಬ್ಬದ ಮೂರು ದಿನವೂ ಮಹಡಿಯ ಮೆಟ್ಟಿಲ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತದ್ದನ್ನು ನಾನು ನೋಡುತ್ತಲೇ ಇದ್ದೆ. ನೀನು ನೆಟ್ ಪರೀಕ್ಷೆ ಪಾಸಾಗಿ ಫೆಲೋಶಿಪ್ ಬಂದ ದಿನ, ಇನ್ನು ಪಿಎಚ್‌.ಡಿ. ಸೀಟು ಮನೆ ಬಾಗಿಲಿಗೆ ಬರುತ್ತದೆ ಎಂದು ನಾನು ಬಜಾರಿನಲ್ಲೆಲ್ಲ ಪೇಡೆ ಹಂಚಿದವನು. ಹಾಗಲ್ಲ ಎಂದು ತಿಳಿದದ್ದೇ ಆ ಮೆಟ್ಟಿಲ ಮೇಲೆ. ಮೊದಲು ಒಬ್ಬ ಗೈಡ್ ಸಿಗಬೇಕು, ಅವರ ಲ್ಯಾಬಿನಲ್ಲಿ ಜಾಗವಿರಬೇಕು, ಅವರು ಮಾಡುವ ಕೆಲಸವೂ ನೀನು ಮಾಡಬೇಕೆಂದಿರುವ ಕೆಲಸವೂ ಒಂದಕ್ಕೊಂದು ಹೊಂದಬೇಕು. ಒಬ್ಬೊಬ್ಬ ಪ್ರೊಫೆಸರರ ಹತ್ತು ಹನ್ನೆರಡು ಲೇಖನ ಓದಿ, ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಬರೆದು, ನೀನು ನಲವತ್ತಮೂರು ಇಮೇಲ್ ಕಳಿಸಿದ್ದೆ. ಉತ್ತರ ಬಂದದ್ದು ಒಂಬತ್ತು. ಎಲ್ಲದರಲ್ಲೂ ಜಾಗವಿಲ್ಲ, ಇಲ್ಲವೇ ಮುಂದಿನ ವರ್ಷ ನೋಡೋಣ. ಮುಂದಿನ ವರ್ಷಕ್ಕೆ ನಿನ್ನ ಫೆಲೋಶಿಪ್ ಎಲ್ಲಿರುತ್ತದೆ? ಜೂನ್ ಮುಗಿಯುವುದರೊಳಗೆ ಎಲ್ಲಾದರೂ ಸೇರದಿದ್ದರೆ ಅದು ಹೋಯಿತು, ಎರಡು ವರ್ಷ ಓದಿ ಗಳಿಸಿದ್ದು ಬರೀ ಕಾಗದ. ಇದನ್ನೆಲ್ಲ ನೀನು ಅವ್ವನಿಗೆ ಸಮಾಧಾನದಿಂದಲೇ ಹೇಳುತ್ತಿದ್ದೆ, ನಾನು ಪಡಸಾಲೆಯಲ್ಲಿ ಪೇಪರ್ ಹಿಡಿದು ಕೂತು ಕೇಳುತ್ತಿದ್ದೆ. ಪೇಪರಿನಲ್ಲಿ ಒಂದಕ್ಷರ ತಲೆಗೆ ಹೋಗಲಿಲ್ಲ.

ಆಮೇಲೆ ಜನವರಿಯಲ್ಲಿ ಧಾರವಾಡದ ಈ ಸಂಸ್ಥೆಯ ಜಾಹೀರಾತು ಬಂತು. ಕುಡಿಯುವ ನೀರಿನಿಂದ ಫ್ಲೋರೈಡ್ ತೆಗೆಯುವ ಪುಡಿಯ ಮೇಲೆ ಸಂಶೋಧನೆ, ಒಂದೇ ಜಾಗ. "ಅಪ್ಪಾ, ಇದು ನನ್ನ ಕೆಲಸಾನ ಐತ್ರಿ" ಎಂದೆ ನೀನು. ಮುಂಡರಗಿಯ ನಿನ್ನ ಸೋದರತ್ತೆಯ ಕಂದುಗಟ್ಟಿದ ಹಲ್ಲು ನೋಡಿ, ನೀರಿನಲ್ಲಿ ಏನಿದೆ ಎಂದು ಆರನೆಯ ಇಯತ್ತೆಯಲ್ಲೇ ಕೇಳಿದವಳು ನೀನು. ಯಾವುದನ್ನೂ ನನ್ನದು ಎಂದು ಹಿಡಿದು ಕೂತವಳಲ್ಲ, ಇದೊಂದನ್ನು ಹಾಗೆಂದೆ. ಎಂಟು ಮಂದಿಯ ಇಂಟರ್‌ವ್ಯೂ ಯಾದಿಯಲ್ಲಿ ನಿನ್ನ ಹೆಸರು ಬಂದದ್ದು ತಿಳಿದಾಗ ಅವ್ವ ಓಣಿಗೆಲ್ಲ ಸಕ್ಕರೆ ಕೊಟ್ಟಳು. ನನಗೆ ಮಾತ್ರ ಎಂಟು ಮಂದಿಯಲ್ಲಿ ಉಳಿದ ಏಳು ಮಂದಿಯೇ ಕಾಣತೊಡಗಿದರು. ಅವರಿಗೆ ಯಾರ ಯಾರ ಬೆಂಬಲವಿದೆಯೋ, ಯಾರ ಮಾವ ಎಲ್ಲಿ ಪ್ರೊಫೆಸರನೋ. ನಿನಗೆ ಇರುವವನು ಒಬ್ಬ ಹತ್ತಿ ದಲಾಲಿ ಅಪ್ಪ.

ನಮ್ಮ ಪೈಕಿ ಪದ್ಧತಿ ಹೇಗಿದೆ, ನಿನಗೆ ಗೊತ್ತು. ಶಾಲೆಗೆ ಹೆಸರು ಹಚ್ಚುವುದಿರಲಿ, ಸಂಬಂಧ ನೋಡುವುದಿರಲಿ, ಮನೆಯ ಹಿರಿಯರು ಕಾಯಿ, ಶಾಲು ತೆಗೆದುಕೊಂಡು ಹೋಗಿ, ಎದುರು ಕೂತು, ನಮ್ಮ ಮನೆತನ ಇಂಥದು, ನಮ್ಮ ಹುಡುಗಿ ಇಂಥವಳು ಎಂದು ಹೇಳಿ ಬಂದರೇ ಮಾತು ಪಕ್ಕಾ. ಹೋಗದಿದ್ದರೆ, ಇವರಿಗೆ ಬೇಕಾಗಿಲ್ಲ ಎಂದು ಎದುರಿನವರು ತಿಳಿಯುತ್ತಾರೆ. ಬಜಾರಿನಲ್ಲೂ ಹಾಗೇ. ಮಾಲು ಎಷ್ಟೇ ಚೊಕ್ಕ ಇರಲಿ, ತಂದವನ ಮುಖ ನೋಡದೆ ನಾನು ಇಷ್ಟು ವರ್ಷದಲ್ಲಿ ಹತ್ತಿಯ ಒಂದು ಅಂಡಿಗೆಯನ್ನೂ ಬಿಚ್ಚಿಸಿದವನಲ್ಲ. ಬರೀ ಅರ್ಜಿ ನೋಡಿ ಐದು ವರ್ಷ ಕಲಿಸಲಿಕ್ಕೆ ಒಬ್ಬ ಹುಡುಗಿಯನ್ನು ಹೇಗೆ ಆರಿಸುತ್ತಾರೆ ಎಂಬುದು ನನಗೆ ತಿಳಿಯಲೇ ಇಲ್ಲ. ಇದು ಜಂಬವಲ್ಲ ಉಮಾ, ಪುಕ್ಕಲುತನ. ಕೈಕಟ್ಟಿ ಕೂಡುವುದು ನನ್ನಿಂದ ಆಗಲಿಲ್ಲ.

ಭಾನುವಾರ ಬೆಳಿಗ್ಗೆ ಇಕ್ಬಾಲನನ್ನು ಕರೆದುಕೊಂಡು ಧಾರವಾಡಕ್ಕೆ ಹೋದೆ. ಒಂದು ಕಿಲೋ ಪೇಡೆ, ಕಾಯಿ, ಇಳಕಲ್ಲಿನಿಂದ ತರಿಸಿಟ್ಟಿದ್ದ ಶಾಲು. ನಿನ್ನ ಅವ್ವ ಬಾಗಿಲಲ್ಲಿ ನಿಂತು, "ಹೆಣ್ಣು ಕೊಡಾಕ ಹೊಂಟೀರೇನ್ರಿ?" ಎಂದು ನಕ್ಕಳು. ಹೌದೇನೋ ಎಂದು ನಾನೂ ನಕ್ಕೆ. ನಿನ್ನ ಗೈಡ್ ಆಗಬೇಕಾದ ತ್ರ್ಯಂಬಕ ಸರ್ ಮನೆ ಮಾಳಮಡ್ಡಿಯಲ್ಲಿದೆ. ಹಾಲು ಹಾಕುವವನು ದಾರಿ ತೋರಿಸಿದ. ಬಾಗಿಲು ತೆಗೆದವರು ಅವರ ತಾಯಿ, ಅಂಬಾಬಾಯಿಯವರು. ಎಂಬತ್ತು ದಾಟಿದ ಜೀವ, ಯಾರು ಏನು ಎಂದು ಕೇಳದೆ, "ಬರ್ರಿ, ಕೂಡ್ರಿ, ನೀರು ಕುಡೀರಿ" ಎಂದು ಒಳಗೆ ಕರೆದರು. ಪೇಡೆಯ ಡಬ್ಬಿ ಅವರ ಕೈಯಲ್ಲಿಟ್ಟೆ. ಸರ್ ಒಳಗಿನಿಂದ ಬರುವಷ್ಟರಲ್ಲಿ ಆ ತಾಯಿ ಒಂದು ಪೇಡೆ ಬಾಯಿಗೆ ಹಾಕಿಕೊಂಡಾಗಿತ್ತು.

ಸರ್ ಸಣ್ಣ ಆಳು, ನನಗಿಂತ ಹತ್ತು ವರ್ಷ ಕಿರಿಯರಿರಬಹುದು. ನಿನ್ನ ಹೆಸರು ಹೇಳಿ ಕೈ ಮುಗಿದೆ. ಅವರ ಮುಖ ಬದಲಾದದ್ದನ್ನು ನೋಡಿದೆ. ನೋಡಿಯೂ ನಿಲ್ಲಿಸಲಿಲ್ಲ, ಬಾಯಿಗೆ ಬಂದದ್ದನ್ನೆಲ್ಲ ಹೇಳಿದೆ, ನೀನು ಆರನೆಯ ಇಯತ್ತೆಯಲ್ಲಿ ಕೇಳಿದ್ದು, ನಲವತ್ತಮೂರು ಇಮೇಲ್, ಜೂನ್ ತಿಂಗಳು. ಅವರು ಕೊನೆಯವರೆಗೂ ನಿಂತೇ ಕೇಳಿದರು. ಆಮೇಲೆ ಮೆಲ್ಲಗೆ ಅಂದರು: "ನೀವು ಹಿರ್ಯಾರು, ಮನೀಗೆ ಬಂದೀರಿ, ಚಹಾ ಕುಡೀರಿ. ಆದ್ರ ನೀವು ಬಂದದ್ದನ್ನ ನಾ ಸಮಿತಿಗೆ ಬರದು ಕೊಡಬೇಕಾಗ್ತದರಿ. ಅದು ನಮ್ಮ ನೇಮ ಅದ." ಶಾಲು, ಕಾಯಿ ನನ್ನ ಕೈಗೇ ತಿರುಗಿ ಬಂದವು. ತಾಯಿಯ ಕೈಯಿಂದ ಡಬ್ಬಿ ತೆಗೆದುಕೊಂಡು, ಅದರಲ್ಲಿ ಒಂದು ಕಡಿಮೆ ಇರುವುದನ್ನು ಕಂಡು, "ನಮ್ಮವ್ವ ಒಂದು ತಿಂದಾಳ, ಅದನ್ನೂ ಬರೀತೇನಿ" ಎಂದರು. "ಒಂದು ಪೇಡೇದಾಗ ಏನ್ ಕೆಟ್ಟೀತೋ ತ್ರ್ಯಂಬಕಾ" ಎಂದರು ಆ ತಾಯಿ. ಬೇರೆ ದಿನವಾಗಿದ್ದರೆ ನಾನೂ ನಗುತ್ತಿದ್ದೆ.

ಹೊರಡುವ ಮುಂದೆ ಅವರು ಒಂದು ಮಾತು ಕೇಳಿದರು. "ಮಗಳು ಹೇಳಿ ಕಳಿಸಿದ್ಲೇನ್ರಿ?" ಇಲ್ಲರಿ ಸರ್, ಆಕಿಗಿ ಇದರ ಸುದ್ದೀನ ಗೊತ್ತಿಲ್ಲ ಎಂದೆ. ಅವರು ತಲೆಯಾಡಿಸಿದರು. ಗೇಟಿನ ತನಕ ಬಂದು, ಇಕ್ಬಾಲನ ಎದುರಿಗೇ ಹೇಳಿದರು: "ಆಕಿ ಅರ್ಜಿ ನಾ ಓದೀನ್ರಿ. ಅದಕ್ಕ ಯಾರ ಮಾತಿನ ಆಸರಾನೂ ಬೇಕಾಗಿದ್ದಿಲ್ಲ." ಇದನ್ನು ಅವರು ಸಿಟ್ಟಿನಿಂದ ಹೇಳಿದ್ದರೆ ನನಗೆ ತಡೆದುಕೊಳ್ಳಲಿಕ್ಕಾಗುತ್ತಿತ್ತು. ನವಲೂರು ದಾಟಿದ ಮೇಲೆ ಇಕ್ಬಾಲ, "ಸಾವ್ಕಾರ, ಏನಾತ್ರಿ?" ಎಂದ. ಮುಂದೆ ನೋಡಿ ಗಾಡಿ ಹೊಡಿ ಎಂದೆ. ಮನೆಗೆ ಬಂದಾಗ ಅವ್ವನೂ ಅದನ್ನೇ ಕೇಳಿದಳು. ಛಲೋ ಆತು ಎಂದೆ. ಆಕೆ ಅದನ್ನೇ ನಂಬಿ, ಇನ್ನು ಮಗಳು ಧಾರವಾಡಕ್ಕೇ ಬರುತ್ತಾಳೆ, ಶನಿವಾರ ಭಾನುವಾರ ಮನೆಯಲ್ಲೇ ಇರುತ್ತಾಳೆ ಎಂದು ನಿನ್ನ ಕೋಣೆಗೆ ಸುಣ್ಣ ಹೊಡೆಸುವ ಮಾತಾಡುತ್ತಿದ್ದಾಳೆ. ಮೊಣಕಾಲು ನೋವಿದ್ದವಳು ಮೆಟ್ಟಿಲು ಹತ್ತುವುದು ಇದಕ್ಕೇ.

ಅಂದಿನಿಂದ ನನ್ನ ಸ್ಥಿತಿ ಏನು ಹೇಳಲಿ. ಸೋಮವಾರ ಒಬ್ಬ ರೈತ ಕುಂದಗೋಳದ ಕಡೆಯಿಂದ ಹತ್ತಿ ತಂದಿದ್ದ. ಒಂದು ಹಿಡಿ ತೆಗೆದು, ಎರಡು ಹೆಬ್ಬೆರಳಿನಿಂದ ಹಿಡಿದು ಎಳೆದೆ. ಎಳೆ ಉದ್ದವೋ ಗಿಡ್ಡವೋ ತಿಳಿಯಲಿಲ್ಲ. ಇನ್ನೊಮ್ಮೆ ಎಳೆದೆ, ಆಗಲೂ ಇಲ್ಲ. ಕಣ್ಣು ಮುಚ್ಚಿ ಹೇಳುತ್ತಿದ್ದವನು ನಾನು. ಆ ರೈತ ನನ್ನ ಮುಖವನ್ನೇ ನೋಡುತ್ತಿದ್ದ, ಅವನ ವರ್ಷದ ಬೆಳೆ ನನ್ನ ಬೆರಳಲ್ಲಿತ್ತು. ಬಾಜೂ ಅಂಗಡಿಯವರನ್ನು ಕರೆದು ನೋಡಲು ಹೇಳಿ, ಗಾದಿಗೆ ಬಂದು ಕೂತೆ. ಫೋನ್ ಬಾರಿಸಿದರೆ ತ್ರ್ಯಂಬಕ ಸರ್ ಅವರೇ ಎಂದುಕೊಳ್ಳುತ್ತೇನೆ. ಮೊನ್ನೆ ಯಾರೋ ಗ್ಯಾಸಿನವರು ಮಾಡಿದ್ದರು, ಅವರಿಗೂ ಸರ್ ಸರ್ ಎಂದೆ.

ನಿನ್ನೆ, ಮಂಗಳವಾರ, ಹನ್ನೊಂದು ಗಂಟೆಗೆ ತ್ರ್ಯಂಬಕ ಸರ್ ಅವರೇ ಫೋನ್ ಮಾಡಿದರು. ಸಮಿತಿ ಕೂಡಿತ್ತಂತೆ. ಇಪ್ಪತ್ತಮೂರನೆಯ ತಾರೀಖಿನ ನಿನ್ನ ಇಂಟರ್‌ವ್ಯೂನಲ್ಲಿ ಅವರು ಕೂಡುವುದಿಲ್ಲ, ಬೇರೆಯವರು ಕೂಡುತ್ತಾರೆ. ಅದಕ್ಕಿಂತ ಮೊದಲು ನೀನು ಬರೆದು ಕೊಡಬೇಕು: ಅಪ್ಪ ಹೋಗುವ ವಿಷಯ ನಿನಗೆ ಗೊತ್ತಿತ್ತೇ, ನೀನೇ ಕಳಿಸಿದೆಯಾ. ಸೋಮವಾರ, ಹದಿನಾರನೆಯ ತಾರೀಖು, ಸಂಜೆ ಐದರೊಳಗೆ ನಿನ್ನ ಉತ್ತರ ಮುಟ್ಟಬೇಕು. ಮುಟ್ಟದಿದ್ದರೆ, ಇಲ್ಲವೇ ಅದು ಸಮಿತಿಗೆ ಸರಿ ಕಾಣದಿದ್ದರೆ, ನಿನ್ನ ಅರ್ಜಿಯನ್ನು ಬದಿಗಿಡುತ್ತಾರೆ. ಆಫೀಸಿನಿಂದ ನಿನಗೆ ಇಮೇಲ್ ಬರುವುದು ಶುಕ್ರವಾರ. "ಅದಕ್ಕೂ ಮೊದ್ಲ ಮಗಳಿಗೆ ನೀವ ಹೇಳಿದ್ರ ಛಲೋ ಅನಸ್ತದರಿ" ಎಂದರು. ಅವರು ಒಳ್ಳೆಯ ಮನುಷ್ಯರು ಉಮಾ. ನೀನು ಓದಿ ಓದಿ ಸರಿಯಾದ ಗೈಡನ್ನೇ ಹುಡುಕಿದ್ದೆ. ಫೋನ್ ಇಡುವ ಮುಂದೆ ಇನ್ನೊಂದು ಮಾತು ಹೇಳಿದರು. ಮಗಳಿಗೆ ಗೊತ್ತಿರಲಿಲ್ಲ ಎಂದು ನಾನು ಅವರ ಮನೆಯಲ್ಲಿ ಹೇಳಿದ್ದನ್ನು, ಹೇಳಿದ ಹಾಗೆಯೇ ಬರೆದು ಸಮಿತಿಗೆ ಕೊಟ್ಟಿದ್ದಾರೆ. ನಿನ್ನ ಉತ್ತರವನ್ನು ಅದರ ಪಕ್ಕದಲ್ಲಿಟ್ಟು ಓದುತ್ತಾರಂತೆ. ಹೂಂ ಸರ್ ಎಂದೆ.

ನೀನು ಜಗಳಾಡುವವಳಾಗಿದ್ದರೆ ನನಗೆ ಇಷ್ಟು ಭಯವಿರುತ್ತಿರಲಿಲ್ಲ. ನೀನು ಸುಮ್ಮನಾಗುವವಳು. ಒಂಬತ್ತನೆಯ ಇಯತ್ತೆಯ ವಿಜ್ಞಾನ ಪ್ರದರ್ಶನ ನೆನಪಿದೆಯೇ? ಮಡಕೆಯಲ್ಲಿ ಇದ್ದಲಿ, ಉಸುಕು ಹಾಕಿ ನೀರು ಸೋಸುವುದನ್ನು ನೀನೇ ಮಾಡಿದ್ದೆ. ನೋಡಲಿಕ್ಕೆ ಬಡವಾಗಿ ಕಾಣುತ್ತದೆ ಎಂದು ನಾನು ದುರ್ಗದಬೈಲಿಗೆ ಹೋಗಿ, ಹೊಳೆಯುವ ಸ್ಟೀಲ್ ಫಿಲ್ಟರ್ ತಂದು, ನಿನ್ನ ಮೇಜಿನ ಮೇಲೆ ಇಟ್ಟು ಬಂದೆ. ಇದೂ ನೀನೇ ಮಾಡಿದ್ದೇನು ಎಂದು ಮಾಸ್ತರರು ಎಲ್ಲರ ಮುಂದೆ ಕೇಳಿದರಂತೆ. ಮನೆಗೆ ಬಂದು ಎಂಟು ದಿನ ನನ್ನ ಜೊತೆ ಮಾತಾಡಲಿಲ್ಲ. ಬೈಯಲೂ ಇಲ್ಲ, ಅಳಲೂ ಇಲ್ಲ, ಊಟಕ್ಕೆ ಕರೆದರೆ ಬಂದು ಕೂತು ಎದ್ದು ಹೋಗುತ್ತಿದ್ದೆ. ಆಗ ನಿನಗೆ ಹದಿನಾಲ್ಕು, ಕಳೆದದ್ದು ಒಂದು ಬಹುಮಾನ. ಈಗ ನಿನಗೆ ಇಪ್ಪತ್ತೇಳು, ಕಳೆದುಹೋದರೆ ಹೋಗುವುದು ನಿನ್ನ ಇಷ್ಟು ವರ್ಷದ ಓದು. ಹಾಳು ಮಾಡಿದವನು ಮತ್ತೆ ನಾನೇ. ಇನ್ನು ಎಷ್ಟು ದಿನ ಮಾತು ಬಿಡುತ್ತೀಯೋ ಎಂದು ಎಣಿಸಲೂ ನನಗೆ ಧೈರ್ಯವಿಲ್ಲ.

ಬೈ, ಉಮಾ. ಫೋನ್ ಮಾಡಿ ಬೈ. ಕೆಲಸದ ಮಧ್ಯದಲ್ಲಿದ್ದರೂ ಎತ್ತುತ್ತೇನೆ. ಆದರೆ ಈ ಸಿಟ್ಟಿನಲ್ಲಿ, ಇನ್ನೇನು ಎಲ್ಲ ಮುಗಿಯಿತು ಎಂದು ಇಂಟರ್‌ವ್ಯೂನ ತಯಾರಿ ಮಾತ್ರ ಬಿಡಬೇಡ. ನಿನ್ನ ಅರ್ಜಿ ಗಟ್ಟಿಯಾಗಿದೆ ಎಂದು ನಾನು ಹೇಳುತ್ತಿಲ್ಲ, ಓದಿದವರು ಹೇಳಿದ್ದು. ಬರುವ ಭಾನುವಾರ ಶಿವರಾತ್ರಿ. ಉಪವಾಸ ಮಾಡಬೇಡ, ಕೆಮ್ಮಿದೆ. ನಿನ್ನ ಪಾಲಿನದನ್ನು ನಾನು ಮಾಡುತ್ತೇನೆ. ನಿನ್ನ ರೂಮಿನ ಸಾನ್ವಿಗೆ ನಮ್ಮ ನಮಸ್ಕಾರ ಹೇಳು, ಚಟ್ನಿಯಲ್ಲಿ ಅವಳಿಗೂ ಪಾಲಿದೆ. ಅವ್ವನ ಆಶೀರ್ವಾದ ಈ ಕಾಗದದ ಜೊತೆ ಇಲ್ಲ, ಏಕೆಂದರೆ ನಾನು ಬರೆಯುತ್ತಿರುವುದೇ ಆಕೆಗೆ ಗೊತ್ತಿಲ್ಲ. ಅದು ರೊಟ್ಟಿಯ ಗಂಟಿನಲ್ಲಿದೆ.

ಯಾವತ್ತೂ ನಿನ್ನ ಒಳ್ಳೆಯದನ್ನೇ ಬಯಸುವ, ಬಯಸಿ ಬಯಸಿ ಕೆಡಿಸುವ
ನಿನ್ನ ಅಪ್ಪ
ಶಂಭುಲಿಂಗ

ತಾ.ಕ.: ಇಕ್ಬಾಲ ಗಾಡಿ ಚಾಲೂ ಮಾಡಿಕೊಂಡು ನಿಂತಿದ್ದಾನೆ. ಬರೆಯಬೇಕಾದದ್ದನ್ನು ಬರೆಯದೆಯೇ ಸಹಿ ಮಾಡಿಬಿಟ್ಟೆ. ನಾನು ಸರ್ ಅವರಿಗೆ ಹೇಳಿದ್ದು ಸುಳ್ಳು, ಅದು ನಿನಗೂ ಗೊತ್ತು. ಹೋದ ಗುರುವಾರ ಯಾದಿಯಲ್ಲಿ ಹೆಸರು ಬಂತೆಂದು ನೀನು ಹೇಳಿದಾಗ, ಒಮ್ಮೆ ಅವರ ಮನೆಗೆ ಹೋಗಿ ಬರಲೇ ಎಂದು ಕೇಳಿದೆ. "ಬ್ಯಾಡ್ರಿ ಅಪ್ಪಾ, ನಿಮ್ಮ ಕಾಲಿಗೆ ಬೀಳ್ತೇನಿ, ಹೋಗಬ್ಯಾಡ್ರಿ" ಎಂದು ಎರಡು ಸಲ ಹೇಳಿದೆ ನೀನು. ಹೋಗುವುದಿಲ್ಲವೆಂದು ನಾನು ಮಾತು ಕೊಟ್ಟೆ. ಈಗ ಅಪ್ಪನ ಮಾತು ಸುಳ್ಳಾಗಬಾರದು, ಅಪ್ಪನ ಮಾನ ಹೋಗಬಾರದು ಎಂದು ನೀನೂ "ನನಗೆ ಗೊತ್ತಿರಲಿಲ್ಲ" ಎಂದೇ ಬರೆದುಬಿಡುತ್ತೀ, ಎಲ್ಲಕ್ಕಿಂತ ದೊಡ್ಡ ಹೆದರಿಕೆ ನನಗೆ ಅದೇ. ಹಾಗೆ ಬರೆಯಬೇಡ. ಅಪ್ಪ ಕೇಳಿದ್ದರು, ನಾನು ಬೇಡವೆಂದೆ, ಆದರೂ ಹೋದರು, ಹೋಗಿ ಸುಳ್ಳು ಹೇಳಿದರು ಎಂದು ಇದ್ದದ್ದನ್ನು ಇದ್ದ ಹಾಗೆ ಬರೆ. ಇದನ್ನೇ ನಾನೂ ಬರೆದು ಸಹಿ ಮಾಡಿದ್ದೇನೆ. ನಾಳೆ ಹತ್ತು ಗಂಟೆಗೆ ಅವರ ಆಫೀಸಿನ ಟಪಾಲು ಕಿಟಕಿಯಲ್ಲಿ ಕೊಟ್ಟು ಬರುತ್ತೇನೆ, ಒಳಗೆ ಹೋಗುವುದಿಲ್ಲ, ಯಾರನ್ನೂ ನೋಡುವುದಿಲ್ಲ. ನಿನ್ನ ಕಾಗದದಲ್ಲಿ ಅಪ್ಪನನ್ನು ಉಳಿಸಬೇಡ.